ದೀಪದ ಹೊತ್ತು, ಖಾರದ ಪಿಸ್ತೂಲು

ನನ್ನ ಮೊಮ್ಮಗಳಿಗೆ ನಗು ಕಾಲಿನಿಂದ ಶುರುವಾಗುತ್ತೆ. ಮೊದಲು ಎರಡೂ ಪಾದ ಗಾಳೀಲಿ ಒದ್ದಾಡುತ್ತವೆ, ಆಮೇಲೆ ಹೊಟ್ಟೆ ಕುಣಿಯುತ್ತೆ, ಕೊನೆಗೆ ಬಾಯಿ ಅಗಲವಾಗಿ ಬರೀ ವಸಡು ಕಾಣುತ್ತೆ. ಇದನ್ನು ನಾನು ಯಾರ ಹತ್ತಿರ ಹೇಳಿಲ್ಲ? ಊರಲ್ಲಿರೋ ತಂಗಿಗೆ ದಿನಾ ಹೇಳ್ತೀನಿ. ಇಲ್ಲಿಯ ಕ್ರಾಸ್‌ರೋಡ್ಸ್ ಅನ್ನೋ ಅಂಗಡಿ ಸಾಲಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಯಾವುದೋ ದೇಶದ ಮುದುಕಿಗೂ ಕೈಸನ್ನೆ ಮಾಡಿ ಹೇಳಿದೆ. ಆಕೆ ತನ್ನ ಫೋನ್ ತೆಗೆದು ತನ್ನ ಮೊಮ್ಮಗನನ್ನು ತೋರಿಸಿದಳು. ನೋಡಿದೆ. ಚೆನ್ನಾಗಿದ್ದ. ನಮ್ಮವಳಷ್ಟಿಲ್ಲ.

ನನ್ನ ಮಗಳು ಈ ಕೂಸಿಗಾಗಿ ಆಸ್ಪತ್ರೆಗಳನ್ನು ಸುತ್ತಿ ಸುತ್ತಿ, ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು, ಇನ್ನು ಆಗಲ್ಲ ಬಿಡಮ್ಮ ಅಂತ ಫೋನಿನಲ್ಲಿ ಸುಮ್ಮನಾಗಿಬಿಟ್ಟಿದ್ದಳು. ಆಮೇಲೆ ಆಯಿತು. ಬಾಣಂತನಕ್ಕೆ ಅಂತ ಬಂದವಳು ನಾನು, ಇಲ್ಲೇ ನಿಂತುಬಿಟ್ಟೆ. ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹಾಕುವಾಗ ನನ್ನ ಮಂಡಿನೋವು ಎಲ್ಲಿಗೆ ಹೋಗ್ತಿತ್ತೋ ಆ ದೇವರಿಗೇ ಗೊತ್ತು.

ಇಂಥ ಮಗುವಿನ ಕಣ್ಣಿಗೆ ನಾನು ಖಾರ ಹಾಕಿದೆ. ನನ್ನ ಕೈಯಲ್ಲೇ.

ಈ ಕಡೆ ಇರೋ ನಮ್ಮ ಕನ್ನಡದವರಿಗೆಲ್ಲ ಈ ವಿಷಯ ಆಗಲೇ ಗೊತ್ತು. ಆದರೆ ಅವರಿಗೆ ಅದು ನಗೋ ಕಥೆಯಾಗಿ ಗೊತ್ತು. ನಾನು ಓದಿದ್ದು ನಾಲ್ಕನೇ ಕ್ಲಾಸು. ಒತ್ತಕ್ಷರ ಬಂದ ಕಡೆ ಪೆನ್ನು ಎಡವುತ್ತೆ, ಮಗಳು ತಿದ್ದುತ್ತಾಳೆ. ನಗು ಬರದ ಭಾಗವನ್ನೂ ಬರಿ ಅಂತ ಅವಳೇ ಹೇಳಿದ್ದು.

ಶುರುವಾಗಿದ್ದು ನನ್ನ ಬಾಗಿಲಿನಿಂದ.

ನಮ್ಮೂರು ಮಂಡ್ಯ ಕಡೆ. ದೀಪ ಹಚ್ಚೋ ಹೊತ್ತಿಗೆ ಹಿತ್ತಲ ಬಾಗಿಲು ಹಾಕಿ, ಮುಂದಿನ ಬಾಗಿಲು ತೆಗೆದಿಡಬೇಕು. ಆಗ ಲಕ್ಷ್ಮಿ ಬರ್ತಾಳೆ. ನಮ್ಮವ್ವ ಮಾಡ್ತಿದ್ದಳು, ನಾನು ಮಾಡಿದೆ, ಅದರಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ, ಹಲ್ಲುಜ್ಜಿದ ಹಾಗೆ. ಇಲ್ಲಿ ಪರದೇಶದಲ್ಲಿ, ಟೋಟೆಮ್ ಲೇಕ್ ಅನ್ನೋ ಜಾಗದ ಹತ್ತಿರ ಮಗಳ ಮನೆ. ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ ಸಾಲಾಗಿ ಮನೆಗಳು, ಒಂದೇ ಬಣ್ಣ, ಒಂದೇ ಮೆಟ್ಟಿಲು. ಚಳಿಗಾಲದಲ್ಲಿ ಮಧ್ಯಾಹ್ನದ ಕಾಫಿ ಲೋಟ ತೊಳೆದಿಡೋ ಹೊತ್ತಿಗೇ ಕತ್ತಲು ಬಂದು ನಿಂತಿರುತ್ತೆ. ನಾನು ದೀಪ ಹಚ್ಚಿ, ಒಂದು ಗೇಣು ಬಾಗಿಲು ತೆಗೆದಿಡ್ತಿದ್ದೆ. ಹೀಟರ್ ಕಾಸಿದ ಗಾಳಿಯೆಲ್ಲ ಹೊರಗೆ ಹೋಗ್ತಿತ್ತು.

"ಅಮ್ಮ, ಇಲ್ಲಿ ಲಕ್ಷ್ಮಿ ಬಾಗಿಲಿಂದ ಬರಲ್ಲ, ನೇರವಾಗಿ ಬ್ಯಾಂಕಿಗೆ ಬರ್ತಾಳೆ. ಹಾಕು ಬಾಗಿಲು," ಅಂತಿದ್ದಳು ಮಗಳು.

"ಐದು ನಿಮಿಷ ಕಣೆ."

"ಐದು ನಿಮಿಷ ಸಾಕು ಕಳ್ಳರಿಗೆ. ನಮ್ಮವರ ಮನೇಲೇ ಚಿನ್ನ ಇರುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತು."

ಅದು ಸುಳ್ಳಲ್ಲ. ಈ ಸಲ ಹಬ್ಬದ ಸುಮಾರಿಗೆ ನಮ್ಮವರ ಮನೆಗಳಿಗೇ ನುಗ್ಗುತ್ತಿದ್ದಾರೆ ಅಂತ ಫೋನಿನ ಗುಂಪಿನಲ್ಲಿ ದಿನಾ ಒಂದು ಸುದ್ದಿ. ಮುಖಕ್ಕೆ ಬಟ್ಟೆ ಕಟ್ಟಿ, ಜಾಕೆಟಿನ ಟೋಪಿ ಎಳೆದುಕೊಂಡವರು ಯಾರದೋ ಮನೆ ಮುಂದೆ ನಿಂತಿರೋ ಕ್ಯಾಮೆರಾ ಚಿತ್ರ ಬರೋದು. ಅದನ್ನೇ ಹತ್ತು ಜನ ಹತ್ತು ಸಲ ಕಳಿಸೋರು. ನೋಡಿ ನೋಡಿ, ಜಾಕೆಟಿನ ಟೋಪಿ ಹಾಕಿಕೊಂಡು ನಾಯಿ ಓಡಾಡಿಸೋ ಹುಡುಗರನ್ನು ಕಂಡರೂ ನಾನು ಮಗುವನ್ನು ಎದೆಗೆ ಒತ್ತಿಕೊಳ್ಳೋ ಹಾಗಾಗಿತ್ತು.

ನಾನು ಬಾಗಿಲು ತೆಗೆಯೋದು ಬಿಡಲಿಲ್ಲ. ಅಳಿಯ ಒಳ್ಳೆಯವನು, ಅತ್ತೆಗೆ ಎದುರಾಡಲ್ಲ. ಬಾಗಿಲು ಹಾಕಿ ಅನ್ನೋಕೆ ಆಗದೆ ಆ ಪಿಸ್ತೂಲು ತಂದ.

ಬೇಸಿಗೇಲಿ ಇಲ್ಲಿಯವರು ಒಟ್ಟಾಗಿ ಮಾವಿನಹಣ್ಣಿನ ಬಾಕ್ಸು ತರಿಸ್ತಾರೆ. ಒಬ್ಬರು ಎಲ್ಲರ ಲೆಕ್ಕ ತಗೊಂಡು ಆರ್ಡರ್ ಮಾಡೋದು, ಅವರ ಗ್ಯಾರೇಜಿಗೆ ಹೋಗಿ ಎಲ್ಲರೂ ಹೊತ್ತುಕೊಂಡು ಬರೋದು. ಇದನ್ನೂ ಹಾಗೇ ತರಿಸಿದರು. ಲೈಸೆನ್ಸ್ ಬೇಡವಂತೆ, ಹೆಚ್ಚು ತಗೊಂಡರೆ ರಿಯಾಯಿತಿಯಂತೆ. ನಮ್ಮ ಸಾಲಿನಲ್ಲೇ ಎಷ್ಟೋ ಮನೆಯವರು ತಗೊಂಡರು. ಅದೇ ಗ್ಯಾರೇಜು, ಅದೇ ಕ್ಯೂ. "ನಿಮಗೆ ಎಷ್ಟು ಡಜನ್ ರೀ?" ಅಂತ ಒಬ್ಬರು ಕೇಳಿದರಂತೆ, ಎಲ್ಲರೂ ನಕ್ಕರಂತೆ.

ಅಳಿಯ ಅದನ್ನು ಊಟದ ಮೇಜಿನ ಮೇಲಿಟ್ಟ. ಕಿತ್ತಳೆ ಬಣ್ಣ. ಜಾತ್ರೇಲಿ ಮಾರೋ ಆಟದ ಸಾಮಾನಿನ ಹಾಗಿತ್ತು.

"ಇದು ಸಾಯಿಸಲ್ಲ ಅತ್ತೆ."

"ಸಾಯಿಸದೇ ಇದ್ದರೆ ಗನ್ನು ಯಾಕಪ್ಪ?"

"ಗುಂಡಿನ ಬದಲು ಇದರಲ್ಲಿ ಮೆಣಸಿನಪುಡಿ ತುಂಬಿದ ಗೋಲಿ. ತಗುಲಿದರೆ ಒಡೆದು ಪುಡಿ ಹಾರುತ್ತೆ. ಕಣ್ಣುರಿ, ಕೆಮ್ಮು. ಬಂದವನು ಓಡಿಹೋಗ್ತಾನೆ. ಅಷ್ಟೆ."

"ಅಷ್ಟೇನಾ," ಅಂದೆ.

ಆ "ಅಷ್ಟೆ" ಅನ್ನೋ ಮಾತನ್ನು ಈಗ ನೆನೆಸಿಕೊಂಡರೆ ಮೈ ಚುರ್ ಅನ್ನುತ್ತೆ. ಅಳಿಯ ನಿಜವಾದ ಪಿಸ್ತೂಲು ತಂದಿದ್ದರೆ ನಾನು ಅವತ್ತೇ, ನನಗೆ ಊರಿಗೆ ಟಿಕೆಟ್ ಮಾಡಿಸು ಅಂತಿದ್ದೆ. ಮುಟ್ಟೋದಿರಲಿ, ಅದಿರೋ ಕೋಣೆಗೆ ಹೋಗ್ತಿರಲಿಲ್ಲ. ಮಗಳೂ ಒಪ್ಪುತ್ತಿರಲಿಲ್ಲ. ಇದು ಸಾಯಿಸಲ್ಲ ಅಂದಿದ್ದಕ್ಕೆ ಎಲ್ಲರ ಕೈಗೂ ಸಲೀಸಾಯಿತು. ನಾನು ಅದನ್ನು ಅಡುಗೆಮನೇಲಿ ಇಕ್ಕಳ, ಲಟ್ಟಣಿಗೆ ಇಡೋ ಡ್ರಾಯರಿನಲ್ಲೇ ಇಟ್ಟುಕೊಂಡೆ. ಮೆಣಸಿನಪುಡಿ ತಾನೆ, ಅಡುಗೆಮನೆ ಸಾಮಾನೇ ಅಂದುಕೊಂಡೆ.

ಒಂದು ಭಾನುವಾರ ಅಳಿಯ ನನಗೆ ಹೊಡೆಯೋದು ಕಲಿಸಿದ. ಕಲಿಯೋಕೆ ಬೇರೆ ಗೋಲಿ ಇರುತ್ತೆ, ಅದರಲ್ಲಿ ಖಾರ ಇಲ್ಲ, ಬರೀ ಬಿಳಿ ಪುಡಿ. ಮನೆ ಹಿಂದೆ ಕಸದ ದೊಡ್ಡ ಡಬ್ಬ ನಿಲ್ಲಿಸಿದ. ನಾನು ಸೀರೆ ಮೇಲೆ ಮಗಳ ಜಾಕೆಟ್ ಹಾಕಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತೆ. ಮೊದಲನೆಯದು ಬೇಲಿಗೆ ಹೋಯಿತು. ಎರಡನೆಯದು ಡಬ್ಬದ ನಟ್ಟನಡುವೆ, ಡಬ್ ಅಂತ. ಬಿಳಿ ಹೊಗೆ ಎದ್ದಿತು. ಮಗಳು ಮಗುವನ್ನು ಎತ್ತಿಕೊಂಡು ಕಿಟಕಿಯಿಂದ ನೋಡ್ತಿದ್ದಳು. ಅಳಿಯ ವಿಡಿಯೋ ಮಾಡಿದ.

ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಗಿತ್ತು. ಇನ್ನೊಂದು ಹೊಡೀತೀನಿ ಅಂದೆ. ಆ ವಿಡಿಯೋ ತಂಗಿಗೆ ಕಳಿಸು ಅಂತ ನಾನೇ ಹೇಳಿ ಕಳಿಸಿದೆ. ತಂಗಿ ಫೋನ್ ಮಾಡಿ, "ಭಾವ ಇದ್ದಿದ್ದರೆ ನಾಳೆಯಿಂದ ಕಾಫಿ ತಾವೇ ಮಾಡಿಕೊಳ್ತಿದ್ದರು ಬಿಡಕ್ಕ," ಅಂತ ನಕ್ಕಳು. ಇಲ್ಲಿಯ ಗುಂಪಿಗೂ ಹೋಯಿತು. ಅಂಗಡಿಗೆ ಹೋದರೆ, "ಆಂಟಿ, ಕರಿಬೇವು ನೀವೇ ಮೊದಲು ತಗೊಳ್ಳಿ, ಆಮೇಲೆ ಗುಂಡು ಹಾರಿಸಿಬಿಟ್ಟೀರಿ," ಅನ್ನೋರು. ನಾನೂ ಹಲ್ಲು ಬಿಡ್ತಿದ್ದೆ.

ಮಗಳು ಕೆಲಸಕ್ಕೆ ವಾಪಸ್ ಹೋಗೋ ದಿನ ಹತ್ತಿರ ಬಂದಿತ್ತು. ಹಗಲೆಲ್ಲ ಮಗು ನನ್ನ ಹತ್ತಿರ ಅಂತ ಮಾತಾಗಿತ್ತು. "ಅಮ್ಮ ಇದ್ದಾಳಲ್ಲ, ಡೇಕೇರ್ ಯಾಕೆ," ಅಂತ ಮಗಳು ಯಾರಿಗೋ ಫೋನಿನಲ್ಲಿ ಹೇಳಿದ್ದು ಕೇಳಿ ನಾನು ಒಲೆ ಮುಂದೆ ಒಬ್ಬಳೇ ನಕ್ಕಿದ್ದೆ. ಈ ವಯಸ್ಸಿನಲ್ಲಿ ನನ್ನನ್ನು ನಂಬಿ ಕೊಡೋ ಕೆಲಸ ಇನ್ನು ಯಾವುದಿದೆ? ಬೆಳಗಿಂದ ಸಂಜೆವರೆಗೆ ಆ ಕೂಸು ನಂದು. ಅದಕ್ಕಿಂತ ನನಗೆ ಬೇರೆ ಏನೂ ಬೇಕಿರಲಿಲ್ಲ.

ಅವತ್ತು ಮಗಳು ತನ್ನ ಡಾಕ್ಟರ ಹತ್ತಿರ ಹೋಗಿದ್ದಳು. ಅಳಿಯ ಪಕ್ಕದ ಬೆಲ್ವ್ಯೂ ಊರಿನ ಆಫೀಸಿನಲ್ಲಿದ್ದ. ಹನಿ ಮಳೆ. ಮಗು ನಡುಮನೇಲಿದ್ದ ತೊಟ್ಟಿಲಲ್ಲಿ ಕಾಲು ಒದ್ದುಕೊಂಡು ಆಡ್ತಾ ಇತ್ತು. ದೀಪ ಹಚ್ಚಿದೆ, ಬಾಗಿಲು ಗೇಣು ತೆಗೆದೆ, ಮಗುವಿಗೆ ರಾಗಿ ಸರಿ ಕಾಸೋಣ ಅಂತ ಅಡುಗೆಮನೆಗೆ ಹೋದೆ. ಅಡುಗೆಮನೆಗೂ ನಡುಮನೆಗೂ ನಡುವೆ ಗೋಡೆ ಇಲ್ಲ, ಬರೀ ಒಂದು ಕಟ್ಟೆ.

ಸರಿ ತಿರುಗಿಸ್ತಾ ತಲೆ ಎತ್ತಿದೆ. ತೊಟ್ಟಿಲ ಪಕ್ಕ ಒಬ್ಬ ನಿಂತಿದ್ದ.

ಮಂಡಿವರೆಗೆ ಬರೋ ಕಪ್ಪು ಜಾಕೆಟ್. ತಲೆ, ಕಿವಿ, ಗಲ್ಲ ಎಲ್ಲ ಮುಚ್ಚಿ ಬರೀ ಕಣ್ಣು ಬಿಟ್ಟ ಟೋಪಿ. ಬಗ್ಗಿ ತೊಟ್ಟಿಲೊಳಗೆ ನೋಡ್ತಿದ್ದ. ಕೈ ಒಳಕ್ಕೆ ಹೋಗ್ತಾ ಇತ್ತು.

ಯಾರು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ಒಂದು ಮಾತು, ಯಾರಪ್ಪಾ ಅಂತ, ನಮ್ಮೂರಲ್ಲಿ ರಾತ್ರಿ ನಾಯಿ ಬೊಗಳಿದರೂ ಮೊದಲು ಕೇಳೋದು ಅದನ್ನೇ. ನನ್ನ ಕೈ ಡ್ರಾಯರಿಗೆ ಹೋಯಿತು. ಅಳಿಯ ಕಲಿಸಿದ ಹಾಗೆ ಪಿಸ್ತೂಲಿನ ಬೀಗದ ಗುಂಡಿ ತಳ್ಳಿದೆ. ಕಸದ ಡಬ್ಬಕ್ಕೆ ಹೊಡೆದ ಹಾಗೇ ಹೊಡೆದೆ. ಎಷ್ಟು ಸಲ ಒತ್ತಿದೆನೋ ಗೊತ್ತಿಲ್ಲ. ಒಂದು ಅವನ ಎದೆಗೆ ಬಡಿದಿದ್ದು ಗೊತ್ತು, ಒಂದು ಗೋಡೆಗೆ. ಆ ಗೋಡೆಗೂ ತೊಟ್ಟಿಲಿಗೂ ಎಷ್ಟು ದೂರ ಅಂತ ಆಮೇಲೆ ನೋಡಿದೆ. ಒಂದು ಮೊಳ.

ಅವನು ಎದೆ ಹಿಡಿದುಕೊಂಡು ಕುಸಿದು ಕೂತ.

"ಯವ್ವಾ," ಅಂದ.

ಆ ಒಂದು ಮಾತು ಕೇಳಿದ ಕೂಡಲೇ ನನ್ನ ಕೈಯಲ್ಲಿದ್ದದ್ದು ಬಿದ್ದುಹೋಯಿತು. ಓಡಿಹೋಗಿ ಟೋಪಿ ಎಳೆದೆ. ಮಂಕಿ ಕ್ಯಾಪ್. ನಮ್ಮ ಕಡೆ ವಯಸ್ಸಾದವರು ಬೆಳಗಿನ ವಾಕಿಂಗಿಗೆ ಹಾಕಿಕೊಳ್ಳೋದು, ನಮ್ಮ ಯಜಮಾನರ ಹತ್ತಿರವೂ ಒಂದಿತ್ತು. ಒಳಗೆ ಬೆಳ್ಳಗಿನ ತಲೆ, ಹಣೆ ಮೇಲೆ ಅಡ್ಡಕ್ಕೆ ವಿಭೂತಿ, ವಿಭೂತಿ ಮೇಲೆ ಟೋಪಿಯಿಂದ ಉದುರಿದ ಖಾರದ ಪುಡಿ. ಬಾಗಿಲ ಹೊರಗೆ ನೋಡಿದರೆ ಚಪ್ಪಲಿ ಜೋಡಿಸಿ ಬಿಟ್ಟು ಬಂದಿದ್ದರು. ಕಳ್ಳತನಕ್ಕೆ ಬರೋನು ಯಾವನು ಚಪ್ಪಲಿ ಬಿಟ್ಟು ಬರ್ತಾನೆ?

ಮನೆಯೆಲ್ಲ ಘಾಟು. ನನಗೆ ಉಸಿರೇ ಬರ್ತಿಲ್ಲ. ನನ್ನ ಸೆರಗಿನಿಂದ ಅವರ ಕಣ್ಣು ಒರೆಸಿದೆ, ಪುಡಿ ಇನ್ನಷ್ಟು ಮೆತ್ತಿಕೊಂಡಿತು. ಅಷ್ಟರಲ್ಲಿ ಮಗು ಕೆಮ್ಮೋಕೆ ಶುರು ಮಾಡಿತು. ಆ ಕೈಯಲ್ಲೇ ಹೋಗಿ ಎತ್ತಿಕೊಂಡೆ. ಆ ಕೈಯಲ್ಲೇ ಅದರ ಮುಖ ಒರೆಸಿದೆ.

ಮೆಣಸಿನಕಾಯಿ ಮುಟ್ಟಿದ ಕೈಯಲ್ಲಿ ಮಗು ಮುಟ್ಟಬಾರದು ಅಂತ ನನ್ನ ಮಗಳಿಗೆ ಹೇಳಿಕೊಟ್ಟವಳು ನಾನು. ಮೊದಲು ಎಣ್ಣೆ ಹಚ್ಚಿ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳಿ, ಆಮೇಲೂ ಹೊತ್ತು ಬಿಟ್ಟು ಎತ್ತಿಕೋ ಅಂತ ಬಾಣಂತನದ ಮೊದಲನೇ ವಾರದಲ್ಲೇ ಹೇಳಿದ್ದೆ. ಓದು ಬರದೇ ಇರಬಹುದು, ಇಷ್ಟು ನನಗೆ ಗೊತ್ತಿತ್ತು. ನನಗೆ ಗೊತ್ತಿದ್ದದ್ದೇ ಇಷ್ಟು.

ಮಗು ಕಿರುಚಿದ ರೀತಿ ಬರೆಯೋಕೆ ನನಗೆ ಆಗಲ್ಲ. ಅದನ್ನು ಎತ್ತಿಕೊಂಡು ಮಳೆಗೆ ಓಡಿದೆ. ಆ ಹಿರಿಯರು ಗೋಡೆ ತಡವಿಕೊಂಡು ಹಿಂದೆ ಬಂದರು. ಕಣ್ಣು ಮುಚ್ಚಿಕೊಂಡೇ, ಕೆಮ್ಮುತ್ತಾ, "ಕೂಸಿನ ಮಾರಿ ಮಳಿಗೆ ಹಿಡೀರಿ ಅಕ್ಕಾರ, ಮಾರಿ ಮಳಿಗೆ ಹಿಡೀರಿ," ಅಂತಿದ್ದರು. ನಾನು ಹೊಡೆದ ಮನುಷ್ಯ ನನ್ನ ಮಗುವಿಗೆ ಏನು ಮಾಡಬೇಕು ಅಂತ ಹೇಳಿಕೊಡ್ತಾ ಇದ್ದ. ಹಾಗೇ ಮಗುವಿನ ಮುಖ ಮಳೆಗೆ ಹಿಡಿದೆ. ಮಗಳ ಕಾರು ಬಂದಾಗ ನಾವು ಮೂರೂ ಜನ ಮಳೇಲಿ ನಿಂತಿದ್ದೆವು.

ಆಂಬುಲೆನ್ಸ್ ಬಂತು, ಪೊಲೀಸಿನವರು ಬಂದರು. ಮಗುವಿನ ಕಣ್ಣಿಗೆ ಬಾಟಲಿ ಬಾಟಲಿ ನೀರು ಬಿಟ್ಟರು. ಪೊಲೀಸಿನವನು ಮೆತ್ತಗೆ ಕೇಳಿದ, ಮಗಳು ನನಗೆ ಕನ್ನಡದಲ್ಲಿ ಹೇಳಿದಳು: "ಒಳಗೆ ಬಂದವರು ನಿನ್ನನ್ನ ಹೆದರಿಸಿದ್ರಾ ಅಂತ ಕೇಳ್ತಿದಾರೆ."

"ಇಲ್ಲ," ಅಂದೆ.

"ಏನಾದ್ರೂ ಹೇಳಿದ್ರಾ?"

"ನಾನು ಕೇಳಲಿಲ್ಲ."

ಮಗಳು ನನ್ನ ಮುಖ ನೋಡಿದಳು. ಆಮೇಲೆ ಪೊಲೀಸಿನವನಿಗೆ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಎರಡು ಮಾತಿನಲ್ಲಿ ಹೇಳಿದ್ದನ್ನು ಅವಳು ತುಂಬಾ ಹೊತ್ತು ಹೇಳಿದಳು.

ಆ ಹಿರಿಯರು ಧಾರವಾಡ ಕಡೆಯವರು. ಅದೇ ವಾರ ಹೆಂಡತಿ ಜೊತೆ ಮಗನ ಮನೆಗೆ ಬಂದಿದ್ದರು, ನಮ್ಮ ಹಿಂದಿನ ಸಾಲಿನಲ್ಲಿ. ಚಳಿ ಅಂತ ಮಗನ ಜಾಕೆಟ್ ಹಾಕಿಕೊಂಡು ವಾಕಿಂಗ್ ಹೊರಟವರು, ವಾಪಸ್ ಬರುವಾಗ ಒಂದು ಸಾಲು ಮುಂಚೆ ತಿರುಗಿಬಿಟ್ಟರು. ಮಗನ ಮನೇಲೂ ಅಷ್ಟೇ ವಯಸ್ಸಿನ ಮೊಮ್ಮಗು ಇದೆ. ತೊಟ್ಟಿಲಿಗೆ ಬಗ್ಗಿ ನೋಡಿ, ಇದು ನಮ್ಮ ಕೂಸಲ್ಲವಲ್ಲ, ಯಾರದು ಅಂತ ಯೋಚಿಸ್ತಾ ಇದ್ದರಂತೆ. ಅಷ್ಟರಲ್ಲಿ ನಾನು.

ಅವರಿಗೆ ಉಬ್ಬಸ ಎದ್ದು ರಾತ್ರಿಯೆಲ್ಲ ಆಸ್ಪತ್ರೇಲಿ ಇಟ್ಟುಕೊಂಡರು. ಎದೆ ಮೇಲೆ ಬದನೆಕಾಯಿ ಬಣ್ಣದ ಗುರುತು. ಮಗು ಬೆಳಗಿನ ಹೊತ್ತಿಗೆ ಕಣ್ಣು ಬಿಟ್ಟಿತು, ಹಾಲು ಕುಡಿಯಿತು. ಏನೂ ತೊಂದರೆ ಇಲ್ಲ ಅಂದರು ಡಾಕ್ಟರು. ಆ ಹಿರಿಯರ ಮಗ ದೂರು ಕೊಡಲ್ಲ ಅಂದ. ಎಲ್ಲ ಮುಗಿಯಿತು ಅನ್ನೋ ಹಾಗೆ ಎಲ್ಲರೂ ಮಾತಾಡಿದರು.

ಮುಗಿದಿರಲಿಲ್ಲ. ಮಗಳು ಮಗುವನ್ನು ನನ್ನ ಕೈಗೆ ಕೊಡಲಿಲ್ಲ.

ಕೊಡಲ್ಲ ಅಂತ ಬಾಯಲ್ಲಿ ಹೇಳಲಿಲ್ಲ. ಮಗು ಅತ್ತರೆ ನಾನು ಏಳೋ ಮುಂಚೆ ತಾನು ಏಳ್ತಿದ್ದಳು. ನೀರು ಹಾಕೋಕೆ ಅಳಿಯನನ್ನು ಕರೀತಿದ್ದಳು. ನಾನು ಸಾರು ಕುದಿಸ್ತಾ ಮಹಡಿ ಮೇಲಿಂದ ಮಗು ನಗೋದು ಕೇಳಿಸಿಕೊಳ್ತಿದ್ದೆ. ಈಗ ಕಾಲು ಒದೀತಿದೆ, ಈಗ ಹೊಟ್ಟೆ ಕುಣೀತಿದೆ ಅಂತ ಇಲ್ಲಿಂದಲೇ ಗೊತ್ತಾಗೋದು. ಒಂದು ದಿನ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದಳು.

"ಡೇಕೇರ್‌ನಲ್ಲಿ ಜಾಗ ಕೇಳಿದೀನಿ ಅಮ್ಮ. ಮುಂದಿನ ಸೋಮವಾರದಿಂದ."

"ಸರಿ," ಅಂದೆ.

ಅಳಿಯ ಅನ್ನ ಕಲೆಸೋದು ನಿಲ್ಲಿಸಿದ. "ತಪ್ಪು ನಂದು. ತಂದಿದ್ದು ನಾನು. ಅತ್ತೇದೇನೂ ಇಲ್ಲ."

"ನೀನು ತಂದೆ, ಅಮ್ಮ ಬಾಗಿಲು ತೆಗೆದಿಟ್ಟಳು, ನಾನು ಕಿಟಕೀಲಿ ನಿಂತು ನಗ್ತಾ ನೋಡಿದೆ. ಎಲ್ಲರೂ ಸೇರಿ ಮಗು ಕಣ್ಣಿಗೆ ಖಾರ ಹಾಕಿದ್ವಿ," ಅಂದಳು ಮಗಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗ್ತಿತ್ತು.

ಫೋನಿನ ಗುಂಪಿನಲ್ಲಿ ನನ್ನ ಹಳೇ ವಿಡಿಯೋ ಮತ್ತೆ ಸುತ್ತಿತು. ಕಸದ ಡಬ್ಬದ ಮೇಲೆ ಯಾರೋ ಮಂಕಿ ಕ್ಯಾಪಿನ ಚಿತ್ರ ಅಂಟಿಸಿದ್ದರು. ಇನ್ನೊಬ್ಬರು, ಕೆಲಸ ಮಾಡುತ್ತೆ ಅಂತ ಖಾತ್ರಿಯಾಯಿತಲ್ಲ, ಇನ್ನೊಂದು ಸಲ ಒಟ್ಟಿಗೆ ತರಿಸೋಣವಾ ಅಂತ ಕೇಳಿದ್ದರು. ಅದರ ಕೆಳಗೆ ನನಗೊಂದು ನನಗೊಂದು ಅಂತ ಸಾಲು. ಅಳಿಯ ಓದಿ ಹೇಳಿದಾಗ ನಾನು ಎದ್ದು ಒಳಗೆ ಹೋದೆ. ಆ ಮುದುಕರ ಎದೆ ಮೇಲಿನ ಗುರುತು ನೋಡಿ ಅಂಗಡಿ ಸಾಮಾನು ಚೆನ್ನಾಗಿದೆ ಅಂತ ಹೇಳಿದ ಹಾಗಾಯಿತು. ಅದಕ್ಕೆ ಸಾಕ್ಷಿ ನಾನು.

ಅವರು ಆಸ್ಪತ್ರೆಯಿಂದ ಬಂದ ಮೇಲೆ ನೋಡೋಕೆ ಹೋಗಲೇಬೇಕಿತ್ತು. ಮಗಳು ಮಗುವನ್ನು ಎತ್ತಿಕೊಂಡು ಜೊತೆಗೆ ಬಂದಳು. ನಾನು ಬಾಳೆಹಣ್ಣಿನ ಚೀಲ ಹಿಡಿದುಕೊಂಡು ಹಿಂದೆ ನಡೆದೆ. ಅವರ ಬಾಗಿಲಿಗೂ ನಮ್ಮ ಬಾಗಿಲಿಗೂ ಒಂದೇ ಅಂಗಡಿಯ ಪ್ಲಾಸ್ಟಿಕ್ ಮಾವಿನೆಲೆ ತೋರಣ. ಸಂಜೆ ಹೊತ್ತು. ಬಾಗಿಲು ಒಂದು ಗೇಣು ತೆಗೆದಿತ್ತು, ಒಳಗೆ ದೀಪ ಉರೀತಿತ್ತು. ಒಳಗೆ ಕಾಲಿಡದೆ ಬೆಲ್ ಒತ್ತಿದೆ.

ಅವರ ಹೆಂಡತಿ ಬಂದರು. ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು.

"ಕೈಯಾಗ ಏನೈತಿ? ಮದಲ ತೋರಸ್ರಿ," ಅಂದರು.

ಚೀಲ ಮಗಳಿಗೆ ಕೊಟ್ಟು ಎರಡೂ ಕೈ ಚಾಚಿ ತೋರಿಸಿದೆ. ತಮಾಷೆಗೆ ಹೇಳಿದ್ದು ಅಲ್ಲ ಅಂತ ನನಗೆ ಗೊತ್ತಾಗಿತ್ತು.

"ಏ, ಒಳಗ ಕರೀ ಅವರನ್ನ," ಒಳಗಿಂದ ಅವರ ದನಿ. "ಖಾಲಿ ಮಾಡ್ಕೊಂಡೇ ಬಂದಿರ್ತಾರ. ಎಲ್ಲಾ ನನ್ನ ಮ್ಯಾಲೆ ಖರ್ಚ್ ಮಾಡ್ಯಾರ."

ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದರು. ಕಣ್ಣು ಇನ್ನೂ ಕೆಂಪು. ನಾನು ಕಾಲು ಮುಟ್ಟೋಕೆ ಬಗ್ಗಿದೆ, ಅವರು ಕಾಲು ಮೇಲಕ್ಕೆ ಎಳೆದುಕೊಂಡರು.

"ಏಳ್ರಿ ಅಕ್ಕಾರ. ಬಸ್ಸಿನ ಕಂಡಕ್ಟರ್ ಆಗಿದ್ದಾಂವ ನಾ. ಬ್ಯಾಡಗಿ ರೂಟು. ಸಂತಿ ದಿನ ಬಸ್ಸಿನ ತುಂಬ ಮೆಣಸಿನಕಾಯಿ ಚೀಲ, ಸೀನಕೋತ ಟಿಕೀಟ್ ಹರಿದೀನಿ. ಆದ್ರ ಹೇಳ್ತೀನಿ ಕೇಳ್ರಿ, ನಿಮ್ಮ ಖಾರ ಬ್ಯಾಡಗೀದಲ್ಲ. ಬಣ್ಣ ಇಲ್ಲ, ಬರೇ ಉರಿ."

ಮಗಳು ನಕ್ಕುಬಿಟ್ಟಳು. ಆ ದಿನದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನನಗೆ ನಗು ಬರಲಿಲ್ಲ.

"ಯಾರು ಅಂತ ನಾನು ಒಂದು ಮಾತು ಕೇಳಬೇಕಿತ್ತು," ಅಂದೆ.

"ಹೌದು, ಕೇಳಬೇಕಿತ್ತು," ಅಂದರು ಹೆಂಡತಿ. ಗಂಡನ ಹಾಗೆ ಅವರು ಬಿಟ್ಟುಕೊಡಲಿಲ್ಲ. "ರಾತ್ರೆಲ್ಲಾ ಇವರು ಉಸರಿಗೆ ಒದ್ದಾಡಿದ್ರು. ನಾ ಆಸ್ಪತ್ರಿ ಕುರ್ಚಿ ಮ್ಯಾಲೆ ಕುಂತು ನಿಮಗ ಬಾಯಿಗೆ ಬಂದಂಗ ಬೈದೀನಿ. ನಿಮ್ಮ ಹೆಸರ ಗೊತ್ತಿರಲಿಲ್ಲ, ಆದ್ರೂ ಬೈದೀನಿ."

"ಬೈಸಿಕೊಳ್ಳಬೇಕಾದ್ದೇ," ಅಂದೆ.

ಆಕೆ ದೇವರ ಮನೆ ಥರ ಮಾಡಿದ್ದ ಕಪಾಟಿಗೆ ಹೋಗಿ, ಕೆಳಗಿನ ಖಾನೆಯಿಂದ ಒಂದು ಡಬ್ಬ ತಂದು ನನ್ನ ಮುಂದಿಟ್ಟರು. ಮುಚ್ಚಳ ತೆಗೆದರೆ ಅದೇ ಕಿತ್ತಳೆ ಬಣ್ಣ. ನಮ್ಮದರ ಅಣ್ಣನೋ ತಮ್ಮನೋ ಅನ್ನೋ ಹಾಗಿತ್ತು. ಅದೇ ಗ್ಯಾರೇಜಿನಿಂದ ಅವರ ಮಗನೂ ತಂದಿದ್ದ.

"ಬಂದ ದಿನಾನ ಮಗ ಇದನ್ನ ಹ್ಯಾಂಗ ಹಿಡೀಬೇಕು ಅಂತ ತೋರ್ಸಿದಾನ," ಅಂದರು. "ನಾನೂ ನಿಮ್ಮಂಗ ಸಂಜೀಕ ಬಾಗಲಾ ತೆರದು ಇಡಾಕಿ. ಹಂಗ ತೆರದ ಬಾಗಲಾ ನೋಡೇ ಇವರು ನಿಮ್ಮ ಮನಿ ನಮ್ಮ ಮನಿ ಅಂದ್ಕೊಂಡು ಒಳಗ ಬಂದಾರ. ನೀವು ದಾರಿ ತಪ್ಪಿ ನಮ್ಮ ಮನಿಗೆ ಬಂದಿದ್ರ, ಮಾರಿಗೆ ಮಫ್ಲರ್ ಸುತ್ಕೊಂಡು, ನಾ ಏನು ಮಾಡ್ತಿದ್ದೆ?"

ಅವರೇ ಮುಚ್ಚಳ ಹಾಕಿದರು.

"ಹೊಡೀತಿದ್ದೆ," ಅಂದರು. "ನಾನೂ ಕೇಳ್ತಿರಲಿಲ್ಲ. ಸಾಯಂಗಿಲ್ಲ ಅಂತ ಹೇಳ್ಯಾನಲ್ಲ ಮಗ."

ನನಗೆ ಸಮಾಧಾನ ಆಗಬೇಕಿತ್ತೇನೋ. ಆಗಲಿಲ್ಲ. ಲಕ್ಷ್ಮಿ ಬರಲಿ ಅಂತ ಬಾಗಿಲು ತೆಗೆದಿಟ್ಟು, ಬಂದವರಿಗೆ ಹೊಡೆಯೋಕೆ ಒಳಗೆ ಇಟ್ಟುಕೊಂಡು ಕೂತ ಮನೆ ನಮ್ಮದೊಂದೇ ಅಲ್ಲ ಅಂತ ಗೊತ್ತಾದಾಗ ನಾಚಿಕೆ ಇನ್ನೂ ಹೆಚ್ಚಾಯಿತು. ಸಾಲು ಸಾಲು ತೋರಣ ಕಟ್ಟಿದ ಬಾಗಿಲುಗಳನ್ನು ನೆನೆಸಿಕೊಂಡೆ.

ಅಷ್ಟರಲ್ಲಿ ಆ ಹಿರಿಯರು ಮಗಳ ಕಡೆ ಕೈ ಚಾಚಿದರು. "ಅವತ್ತ ಎತ್ಕೊಳ್ಳಾಕ ಬಿಡಲಿಲ್ಲ ನಿಮ್ಮವ್ವ. ಇವತ್ತರ ಕೊಡವಾ."

ಮಗಳು ಕೊಟ್ಟಳು. ಮಗು ಅವರ ತೊಡೆ ಮೇಲೆ ಕೂತು ಹಣೆಯ ವಿಭೂತಿ ಕೆರೆಯೋಕೆ ನೋಡಿತು, ಮೂಗು ಹಿಡಿಯಿತು. ಆಮೇಲೆ ಕೋಣೆಯಲ್ಲೆಲ್ಲ ಕಣ್ಣಾಡಿಸಿ ನನ್ನನ್ನು ಕಂಡಿತು. ಕಾಲು ಒದ್ದಾಡೋಕೆ ಶುರುವಾಯಿತು. ಹೊಟ್ಟೆ ಕುಣಿಯಿತು. ನಾನು ಮುಖ ತಿರುಗಿಸಿಕೊಂಡೆ, ಅದು ಇನ್ನೂ ಜೋರಾಗಿ ಒದೆಯಿತು.

"ಹಿಡೀರಿ ಅಕ್ಕಾರ. ನಾನು ಬ್ಯಾಡಂತ ಇದಕ್ಕ," ಅಂದರು.

ನಾನು ಮುಟ್ಟಲಿಲ್ಲ. ಮಗಳನ್ನು ನೋಡಿದೆ. ಅವಳು ತುಂಬಾ ಹೊತ್ತು ಮಗುವನ್ನೇ ನೋಡ್ತಾ ಇದ್ದಳು.

"ಕೈ ತೊಳ್ಕೊಂಡು ಬಾ ಅಮ್ಮ," ಅಂದಳು.

ಅವರ ಅಡುಗೆಮನೆಗೆ ಹೋದೆ. ಎಣ್ಣೆ ಎಲ್ಲಿದೆ ಅಂತ ಕೇಳಿದೆ, ಹೆಂಡತಿ ಬಾಟಲಿ ಎತ್ತಿ ಅಂಗೈಗೆ ಬಿಟ್ಟರು. ಬೆರಳ ಸಂದಿ, ಉಗುರ ಸಂದಿ ತಿಕ್ಕಿದೆ. ಸೋಪು ಹಾಕಿ ತೊಳೆದೆ, ಮತ್ತೆ ತೊಳೆದೆ. ಅಷ್ಟು ದಿನದ ಮೇಲೆ ಕೈಯಲ್ಲಿ ಖಾರ ಎಲ್ಲಿರುತ್ತೆ ಅಂತ ನೀವು ಕೇಳಬಹುದು. ತೊಳೆದೆ. ಸೀರೆಗೆ ಒರೆಸಿಕೊಳ್ಳಲಿಲ್ಲ, ಗಾಳಿಗೆ ಆರಿಸಿಕೊಂಡು ಬಂದು ಮಗಳ ಮುಂದೆ ಚಾಚಿದೆ.

ಅವಳು ನನ್ನ ಎರಡೂ ಅಂಗೈ ಹಿಡಿದು ಮೂಗಿಗೆ ತಂದು ವಾಸನೆ ನೋಡಿದಳು. ಚಿಕ್ಕವಳಿದ್ದಾಗ ಮಣ್ಣಾಡಿ ಬಂದ ಅವಳ ಕೈಯನ್ನು ನಾನು ಹಾಗೇ ಹಿಡಿದು ನೋಡ್ತಿದ್ದೆ. ಆಮೇಲೆ ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

ಡೇಕೇರ್ ಬಿಡಿಸಲಿಲ್ಲ. ಬೆಳಗ್ಗೆ ಅಲ್ಲಿ, ಮಧ್ಯಾಹ್ನದಿಂದ ನನ್ನ ಹತ್ತಿರ. ಎರಡೂ ಮನೆಯವರು ಆ ಕಿತ್ತಳೆ ಸಾಮಾನನ್ನು ಹಿಂದಿರುಗಿಸಿದರು. ಗುಂಪಿನವರು ಮಾತ್ರ ಎರಡನೇ ಸಲದ್ದು ತರಿಸಿಕೊಂಡರು. ಈಗ ದೀಪ ಹಚ್ಚಿ ಕಿಟಕಿ ಹತ್ತಿರ ಇಡ್ತೀನಿ, ಬಾಗಿಲು ಹಾಕಿರುತ್ತೆ. ಆ ಹಿರಿಯರು ವಾಕಿಂಗ್ ಮುಗಿಸಿ ಬರುವಾಗ ಮೆಟ್ಟಿಲ ಕೆಳಗಿಂದಲೇ, "ನಾನರೀ ಅಕ್ಕಾರ, ಕಂಡಕ್ಟರ್, ಗುಂಡು ಹಾರಸಬ್ಯಾಡ್ರಿ," ಅಂತ ಕೂಗ್ತಾರೆ. ಪಕ್ಕದ ಮನೆಯವರಿಗೂ ಕೇಳುತ್ತೆ. ನನ್ನ ಕಿವಿ ಪ್ರತಿ ಸಲವೂ ಬಿಸಿಯಾಗುತ್ತೆ. ಬಾಗಿಲು ತೆಗೆಯೋ ಮುಂಚೆ ನಾನು ಗಟ್ಟಿಯಾಗಿ, ಯಾರಪ್ಪಾ, ಅಂತ ಕೇಳ್ತೀನಿ. ಗೊತ್ತಿದ್ದರೂ ಕೇಳ್ತೀನಿ.

ಮಗಳು ಈಗಲೂ ಮಗುವನ್ನು ಕೊಡೋ ಮುಂಚೆ ನನ್ನ ಕೈ ನೋಡ್ತಾಳೆ. ನಾನೂ ಅವಳು ಕೇಳೋ ಮುಂಚೆಯೇ ಚಾಚ್ತೀನಿ. ನಿನ್ನೆ ಹಾಗೆ ಕೊಟ್ಟ ಕೂಡಲೇ ಆ ಕೂಸು ನನ್ನ ತೋರುಬೆರಳು ಹಿಡಿದು ಸೀದಾ ಬಾಯಿಗೆ ಹಾಕಿಕೊಂಡಿತು. ನಾನು ಎಳೆದುಕೊಳ್ಳಲಿಲ್ಲ, ಮಗಳು ಬಿಡಿಸಲಿಲ್ಲ. ಇಬ್ಬರೂ ಉಸಿರು ಬಿಗಿ ಹಿಡಿದು ಅದರ ಮುಖವನ್ನೇ ನೋಡ್ತಾ ನಿಂತಿದ್ದೆವು. ವಸಡಿನಲ್ಲಿ ಕಚ್ಚಿಕೊಂಡು, ಕಣ್ಣು ಅರ್ಧ ಮುಚ್ಚಿ, ಸುಮ್ಮನೆ ಚೀಪ್ತಾ ಇತ್ತು.